ಕಾಟಪ್ಪನ ಹುರುಳಿ, ಊರಿನ ರಸ್ತೆ

ಡಿಸೆಂಬರ್ ಬಂತೆಂದರೆ ಚಳ್ಳಕೆರೆ ಸೀಮೆಯ ಹಳ್ಳಿ ರಸ್ತೆಗಳು ಅರ್ಧಕ್ಕರ್ಧ ಮಾಯವಾಗುತ್ತವೆ. ಡಾಂಬರಿನ ಮೇಲೆ ಹುರುಳಿ ಬಳ್ಳಿ, ಸಜ್ಜೆ ತೆನೆ, ತೊಗರಿ ಕಡ್ಡಿ ಹರಡಿರುತ್ತವೆ. ಬಸ್ಸು ಅದರ ಮೇಲೆ ಹಾದುಹೋದರೆ ಕಾಳು ಉದುರುತ್ತದೆ. ಎತ್ತು ಬೇಡ, ತೆನೆಯ ಮೇಲೆ ಉರುಳಿಸುವ ರೋಣಗಲ್ಲು ಬೇಡ, ಆಳೂ ಬೇಡ. ಬೆಳೆ ಬಿಟ್ಟು ಖಾಲಿ ಪಕ್ಕದಲ್ಲಿ ಯಾವ ಗಾಡಿಯೂ ನುಸುಳಬಾರದೆಂದು ಆ ಪಕ್ಕಕ್ಕೆ ದಪ್ಪ ಕಲ್ಲುಗಳನ್ನು ಸಾಲಾಗಿ ಇಡುತ್ತಾರೆ. ಸಂಜೆಯಾದರೆ ಎಲ್ಲವನ್ನೂ ರಸ್ತೆಯಲ್ಲೇ ಗುಡ್ಡೆ ಮಾಡಿ, ಕಪ್ಪು ಟಾರ್ಪಾಲು ಹೊದಿಸಿ, ಸುತ್ತ ಅದೇ ಕಲ್ಲುಗಳನ್ನು ಹೇರಿ ಮನೆಗೆ ಹೋಗುತ್ತಾರೆ. ಕಪ್ಪು ರಸ್ತೆ, ಕಪ್ಪು ಗುಡ್ಡೆ. ಬೆಳಗಿನ ಜಾವದಲ್ಲಿ ಅದರ ಮೇಲೆ ಮಂಜು.

ದೊಡ್ಡಉಳ್ಳಾರ್ತಿಗೆ ಎರಡು ಕಿಲೋಮೀಟರ್ ಈಚೆಗಿನ ಹಟ್ಟಿಯಲ್ಲಿ ಕಾಂಚನಾಳ ಮನೆ. ಅವಳಿಗೆ ಹತ್ತೊಂಬತ್ತು ವರ್ಷ. ಚಳ್ಳಕೆರೆಯ ಕಾಲೇಜೊಂದರಲ್ಲಿ ಬಿ.ಎ. ಎರಡನೇ ವರ್ಷ. ಅವಳು ದೂರದ ಓಟಗಾರ್ತಿ. ಹತ್ತು ಕಿಲೋಮೀಟರ್ ಗುಡ್ಡಗಾಡು ಓಟದ ವಿಶ್ವವಿದ್ಯಾಲಯ ತಂಡಕ್ಕೆ ಆ ಭಾನುವಾರ ದಾವಣಗೆರೆಯಲ್ಲಿ ಆಯ್ಕೆ ನಡೆಯಲಿತ್ತು. ಆರಿಸುವುದು ಆರು ಜನರನ್ನು. ಹೋದ ವರ್ಷ ಅವಳದು ಹನ್ನೊಂದನೇ ಸ್ಥಾನ. ಈ ವರ್ಷ ಆರರೊಳಗೆ ಬರುವ ಶಕ್ತಿ ಅವಳ ಕಾಲಿಗಿದೆ ಎಂದು ದೈಹಿಕ ಶಿಕ್ಷಣದ ಮೇಷ್ಟ್ರು ಚಂದ್ರಶೇಖರ್ ಗಡಿಯಾರ ನೋಡಿಯೇ ಹೇಳಿದ್ದರು. ಅವರು ಸುಮ್ಮನೆ ಹೊಗಳುವವರಲ್ಲ.

ಮೊದಲು ಅವಳು ದನ ಮೇಯುವ ಕಾವಲಿನ ಹುಲ್ಲುದಾರಿಯಲ್ಲಿ ಓಡುತ್ತಿದ್ದಳು. ಅಲ್ಲಿ ಕಾಂಪೌಂಡು ಎದ್ದ ಮೇಲೆ ಅವಳಿಗೆ ಉಳಿದದ್ದು ರಸ್ತೆ ಒಂದೇ.

ಸೋಮವಾರ ಹನ್ನೆರಡು ಕಿಲೋಮೀಟರ್ ಓಡಬೇಕಿತ್ತು. ಐದೂವರೆಗೆ ಎದ್ದು, ಹಣೆಗೆ ಟಾರ್ಚು ಕಟ್ಟಿ, ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯ ಮೇಲಂಗಿ ತೊಟ್ಟು ಹೊರಟಳು. ಎದುರಿನ ಗಾಡಿ ಕಣ್ಣಿಗೆ ಬೀಳಲಿ ಎಂದು ಮೇಷ್ಟ್ರು ಹೇಳಿಕೊಟ್ಟಂತೆ ರಸ್ತೆಯ ಬಲಕ್ಕೇ ಓಡಿದಳು. ಮಾಗಿ ಗಾಳಿಗೆ ಕಿವಿ ಮರಗಟ್ಟಿತ್ತು. ಆದರೆ ಅವಳಿಗೆ ಸಿಟ್ಟು ಬಂದದ್ದು ಚಳಿಯ ಮೇಲಲ್ಲ. ಒಂದೇ ಕಿಲೋಮೀಟರಿನಲ್ಲಿ ಹತ್ತೊಂಬತ್ತು ಸಲ ಅವಳು ಹೆಜ್ಜೆ ಮುರಿದು ಪಕ್ಕಕ್ಕೆ ಸರಿಯಬೇಕಾಗಿತ್ತು. ಕೊನೆಯ ಗುಡ್ಡೆ ಅವರ ಮನೆಯದೇ.

ಅಪ್ಪ ಕಾಟಪ್ಪ ಬಚ್ಚಲೊಲೆಯ ಮುಂದೆ ಮೈ ಕಾಯಿಸಿಕೊಳ್ಳುತ್ತಾ ಕೂತಿದ್ದ. ಕಲ್ಲೆಷ್ಟು, ಗುಡ್ಡೆಯೆಷ್ಟು ಎಂದು ಅವಳು ಲೆಕ್ಕ ಒಪ್ಪಿಸಿದಳು.

"ನೀನು ಎಣ್ಸಾಕೆ ಓಡ್ತೀಯೋ, ಓಡಾಕೆ ಎಣಿಸ್ತೀಯೋ?" ಎಂದು ಅವನು ನಕ್ಕ. "ಬಸ್ಸು ಹೆಂಗೂ ಹೋಗ್ತೈತೆ. ಹೋಗೋ ಬಸ್ಸಿಗೆ ಒಂದು ಕೆಲಸ ಕೊಟ್ರೆ ತಪ್ಪೇನು?"

ಮಂಗಳವಾರ ಚಳ್ಳಕೆರೆಯಲ್ಲಿ ಕಾಲೇಜು ಮೈದಾನದ ಓಟ. ನಾನೂರು ಮೀಟರಿನ ಸುತ್ತು ಹತ್ತು. ಒಂದೂ ಸುತ್ತು ಎರಡು ಸೆಕೆಂಡಿಗಿಂತ ಹೆಚ್ಚು ಆಚೀಚೆ ಆಗಲಿಲ್ಲ. ಬಸ್ಸಿಳಿದು ಮನೆಗೆ ಬರುವಾಗ ಅವ್ವ ಉಚ್ಚಂಗೆಮ್ಮ ರಸ್ತೆಯ ಮೇಲೆ ಬಳ್ಳಿ ತಿರುವಿಹಾಕುತ್ತಿದ್ದಳು. ಅವಳ ಚಪ್ಪಲಿ ಮಣ್ಣಿನ ಅಂಚಿನಲ್ಲಿದ್ದವು. ಕಣದೊಳಗೆ ಚಪ್ಪಲಿ ಮೆಟ್ಟಬಾರದು ಎಂಬುದು ಹಿರಿಯರ ಕಾಲದಿಂದ ಬಂದ ಮಾತು. ಹಿಂದಿನಿಂದ ಲಾರಿಯೊಂದು ಹಾರನ್ ಹೊಡೆಯುತ್ತಾ ಬಂತು. ಅವ್ವ ಬರಿಗಾಲಿನಲ್ಲಿ ಪಕ್ಕಕ್ಕೆ ಹಾರಿದಳು. ಲಾರಿಯ ಆರು ಚಕ್ರ, ಅವಕ್ಕೆ ಮೆತ್ತಿದ್ದ ಡೀಸೆಲ್ಲು, ಸಗಣಿ, ಕೆಸರು ಎಲ್ಲವೂ ಅದೇ ಕಣದ ಮೇಲೆ ಹಾದುಹೋದವು. ನಮ್ಮ ಚಪ್ಪಲಿಗೆ ಮೈಲಿಗೆ, ಲಾರಿಯ ಟೈರಿಗೆ ಇಲ್ಲವೇ ಎಂದು ಕಾಂಚನಾ ಕೇಳಿದಳು. ಉಚ್ಚಂಗೆಮ್ಮ ಮೊರ ಎತ್ತಿಕೊಂಡಳು.

ಬುಧವಾರ ಓಟ ಕಡಿಮೆ, ಮನೆಗೆಲಸ ಹೆಚ್ಚು. ಕುರಿದೊಡ್ಡಿ ಬಳಿದಳು, ಎರಡು ಕೊಡ ನೀರು ಹೊತ್ತಳು, ಸಂಜೆ ಮೆಲ್ಲಗೆ ಐದು ಕಿಲೋಮೀಟರ್ ಓಡಿ ಬಂದಳು. ಊಟಕ್ಕೆ ಮುದ್ದೆ, ಹುರುಳಿ ಸಾರು, ಎರಡು ಮೊಟ್ಟೆ. ಸಾರಿನಲ್ಲಿ ಹಲ್ಲಿಗೆ ಹರಳು ಸಿಕ್ಕಿತು. ನಾಲ್ಕು ಸಲ ತೊಳೆದೆ ಎಂದಳು ಅವ್ವ.

ಗುರುವಾರ ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷವಿತ್ತು. ಹತ್ತು ಮಾರು ಆಚೆ ಏನೂ ಕಾಣದಷ್ಟು ಮಂಜು. ಕಾಂಚನಾ ತಮ್ಮ ಮನೆಯ ಗುಡ್ಡೆಯ ಹತ್ತಿರ ಬಂದಾಗ ಎದುರಿನಿಂದ ಬೈಕಿನ ಬೆಳಕು ಕಂಡಿತು. ಅವಳು ಡಾಂಬರು ಬಿಟ್ಟು ಮಣ್ಣಿಗೆ ಇಳಿದು ನಿಂತಳು. ಬಂದವನು ರವಿಕಿರಣ್. ಅದೇ ಹಟ್ಟಿಯವನು, ಡೈರಿಗೆ ಹಾಲು ಸಾಗಿಸುವವನು. ಗುಡ್ಡೆ ಇದ್ದದ್ದು ಅವನ ದಾರಿಯಲ್ಲೇ. ಅದು ಅವನ ಕಣ್ಣಿಗೆ ಬಿದ್ದದ್ದು ತೀರಾ ಹತ್ತಿರಕ್ಕೆ ಬಂದ ಮೇಲೆ. ಬಲಕ್ಕೆ ಎಳೆದುಕೊಂಡ. ಮುಂದಿನ ಚಕ್ರ ಕಲ್ಲಿಗೆ ಬಡಿಯಿತು. ಹಿಂದಿನ ಚಕ್ರ ಚೆಲ್ಲಿದ್ದ ಕಾಳಿನ ಮೇಲೆ ಜಾರಿತು. ಹುರುಳಿ ಕಾಳು ಡಾಂಬರಿನ ಮೇಲೆ ಸೈಕಲ್ ಗುಂಡಿನಂತೆ ಉರುಳುತ್ತದೆ, ಅದರ ಮೇಲೆ ಬ್ರೇಕು ಹಿಡಿಯುವುದಿಲ್ಲ. ಬೈಕು ಅವನ ತೊಡೆಯ ಮೇಲೆ ಬಿತ್ತು. ಎರಡು ಕ್ಯಾನ್ ಹಾಲು ರಸ್ತೆಯಲ್ಲಿ ಹರಿಯಿತು.

ಕಾಂಚನಾ ಓಡಿಹೋಗಿ ಬೈಕಿನ ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದಳು. ೧೦೮ಕ್ಕೆ ಫೋನ್ ಮಾಡಿ, ಯಾವ ಊರು, ಯಾವ ರಸ್ತೆ, ಎಷ್ಟು ಜನಕ್ಕೆ ಪೆಟ್ಟು ಎಂದು ಬಿಡಿಬಿಡಿಯಾಗಿ ಹೇಳಿದಳು. ಸದ್ದು ಕೇಳಿ ಹಟ್ಟಿಯಿಂದ ಓಡಿಬಂದ ನಾಲ್ಕು ಜನ ಸೇರಿ ಬೈಕನ್ನು ನೆಟ್ಟಗೆ ಮೇಲೆತ್ತಿದರು. ರವಿಕಿರಣನನ್ನು ಮಾತ್ರ ಕೈಕಾಲು ಹಿಡಿದು ಎತ್ತಬೇಡಿ, ಮುರಿದ ಮೂಳೆ ಇನ್ನಷ್ಟು ಸರಿಯುತ್ತದೆ ಎಂದು ಅವಳು ತಡೆದಳು. ತನ್ನ ಮೇಲಂಗಿಯನ್ನೇ ಅವನಿಗೆ ಹೊದಿಸಿದಳು.

ಅಷ್ಟರಲ್ಲಿ ಇನ್ನೊಂದು ಕೆಲಸವೂ ನಡೆಯಿತು. ಪಕ್ಕದ ಗುಡ್ಡೆಯ ಯಜಮಾನ ದೊಡ್ಡೀರಪ್ಪ ಒಂದೊಂದೇ ಕಲ್ಲನ್ನು ಕಾಲಿನಿಂದ ಚರಂಡಿಗೆ ಉರುಳಿಸುತ್ತಿದ್ದ. ಯಾರಾದರೂ ಫೋಟೋ ತೆಗೆಯುವ ಮೊದಲು ರಸ್ತೆ ಚೊಕ್ಕಟವಾಗಬೇಕಿತ್ತು. ಕಾಂಚನಾ ತಲೆಯೆತ್ತಿ ನೋಡಿದಳು. ಅವನ ಪಕ್ಕದಲ್ಲಿ ಕಾಟಪ್ಪನೂ ಕೈಯಲ್ಲೊಂದು ಕಲ್ಲು ಹಿಡಿದು ನಿಂತಿದ್ದ. ಮಗಳ ಕಣ್ಣು ಕಂಡು ಅವನು ತಲೆ ತಗ್ಗಿಸಿದ. ಆದರೆ ಕಲ್ಲು ಚರಂಡಿಗೇ ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಹಟ್ಟಿಯಲ್ಲಿ ತೀರ್ಪು ಸಿದ್ಧವಾಗಿತ್ತು. ಕತ್ತಲಲ್ಲಿ ಹುಡುಗಿ ಎದುರಿಗೆ ಬಂದಳು, ಅವಳನ್ನು ಉಳಿಸಲು ಹೋಗಿ ರವಿಕಿರಣ್ ಬಿದ್ದ. ಹೇಳಿದವನು ದೊಡ್ಡೀರಪ್ಪ. ಕೇಳಿದವರೆಲ್ಲ ಹೂಂಗುಟ್ಟಿದರು. ಏಕೆಂದರೆ ಅವರೆಲ್ಲರ ಹುರುಳಿಯೂ ರಸ್ತೆಯ ಮೇಲೆಯೇ ಇತ್ತು. ಹುಡುಗಿಗೆ ಓಟ ಬಿಡಿಸಬೇಕು ಎಂದು ಟೀ ಅಂಗಡಿಯಲ್ಲಿ ತೀರ್ಮಾನವಾಯಿತು.

ಶುಕ್ರವಾರ ವಿಶ್ರಾಂತಿಯ ದಿನ. ಕಾಟಪ್ಪ ಕಂಬಕ್ಕೆ ಒರಗಿ ಕೂತು, ಭಾನುವಾರ ದಾವಣಗೆರೆ ಬೇಡ, ಜನರ ಬಾಯಿ ತಣ್ಣಗಾಗಲಿ ಎಂದ.

ಕಾಂಚನಾಳ ದನಿ ಏರಲಿಲ್ಲ. "ಅಪ್ಪ, ನಾನು ಮಣ್ಣಿನ ಮೇಲೆ ನಿಂತಿದ್ದೆ. ಕಲ್ಲು ರಸ್ತೆ ಮೇಲಿತ್ತು. ಊರಾಗೆ ಕಲ್ಲಿಗೆ ಬೈಯೋರು ಒಬ್ರೂ ಇಲ್ಲ, ನನ್ ಕಾಲಿಗೆ ಬೈತಾರೆ. ನೀನೂ ಅವರ ಜೊತೆ ಸೇರ್ತೀಯಾ?"

ಕಾಟಪ್ಪ ಬಾಯಿ ತೆರೆಯುವಷ್ಟರಲ್ಲಿ ಆಶಾ ಕಾರ್ಯಕರ್ತೆ ವನಜಾಕ್ಷಿ ಒಳಗೆ ಬಂದಳು. ರವಿಕಿರಣನ ಜೊತೆ ಆಂಬ್ಯುಲೆನ್ಸಿನಲ್ಲಿ ಹೋಗಿದ್ದವಳು ಅವಳೇ. ತೊಡೆಯ ಮೂಳೆ ಎರಡು ತುಂಡಾಗಿದೆ, ರಾಡು ಹಾಕುತ್ತಾರೆ, ಆ ಕಾಲಿನ ಮೇಲೆ ಪೂರ್ತಿ ಭಾರ ಬಿಡಲು ಮೂರು ತಿಂಗಳಾದರೂ ಬೇಕು ಎಂದಳು. ಅವ್ವ ಕೊಟ್ಟ ನೀರು ಕುಡಿದು ಕಾಟಪ್ಪನ ಎದುರಿಗೇ ಕೂತಳು.

"ಕಾಟಪ್ಪಣ್ಣ, ನಿಮ್ಮ ಗುಡ್ಡೆಗೆ ಒಂದು ದೀಪ ಇತ್ತಾ? ಹೊಳಿಯೋ ಪಟ್ಟಿ?"

"ಹುರುಳಿಗೆ ಯಾರಮ್ಮ ದೀಪ ಇಡ್ತಾರೆ."

"ಹಂಗಾರೆ ಅವನಿಗೆ ಕಾಣೋದು ಹೆಂಗೆ?"

ಕಾಟಪ್ಪ ತನ್ನ ಕಷ್ಟ ಬಿಚ್ಚಿದ. ಎತ್ತು ಮಾರಿ ಎಂಟು ವರ್ಷವಾಯಿತು. ರೋಣಗಲ್ಲು ಬೇಲಿಯಲ್ಲಿ ಹೂತುಹೋಗಿದೆ. ಎಲ್ಲರೂ ರಸ್ತೆಯಲ್ಲೇ ಮಾಡುತ್ತಾರೆ, ತಾನೊಬ್ಬ ಬಿಟ್ಟರೆ ಏನಾಯಿತು? ವನಜಾಕ್ಷಿ ಪೂರ್ತಿ ಕೇಳಿದಳು. ಅವಳೂ ರೈತರ ಮನೆಯವಳೇ. ಆಮೇಲೆ ಒಂದೊಂದಾಗಿ ಹೇಳಿದಳು. ಅವನ ಹೊಲದ ತಲೆಯಲ್ಲೇ ಹಾಸುಬಂಡೆ ಇದೆ, ಅವನ ಅಪ್ಪ ಅಲ್ಲೇ ಒಕ್ಕುತ್ತಿದ್ದ, ಈಗ ಅದರ ಸುತ್ತ ಜಾಲಿ ಬೆಳೆದಿದೆ ಅಷ್ಟೆ. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಒಕ್ಕುವ ಯಂತ್ರ ಬಾಡಿಗೆಗೆ ಸಿಗುತ್ತದೆಯೇ ಎಂದು ವಿಚಾರಿಸಬಹುದು. ಅಕ್ಕಪಕ್ಕದ ನಾಲ್ಕು ಮನೆ ಸೇರಿ ಒಂದೇ ದಿನ ತರಿಸಿದರೆ ಎಲ್ಲರಿಗೂ ಹಗುರ. ಒಕ್ಕಣೆ ಕಣಕ್ಕೆ ಪಂಚಾಯಿತಿಯಲ್ಲಿ ಬೇಡಿಕೆ ಕೊಡಬಹುದು. ಯಾವುದೂ ಇಲ್ಲದಿದ್ದರೆ ಮನೆಯಂಗಳ, ಟಾರ್ಪಾಲು, ಬಡಿಗೆ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದರೆ ಕಾನೂನಿನಲ್ಲಿ ಐದು ಸಾವಿರ ರೂಪಾಯಿವರೆಗೆ ದಂಡವಿದೆ ಎಂಬುದನ್ನೂ ಹೇಳಿದಳು, ಆದರೆ ಕೊನೆಗೆ.

"ನಾಳೆ ಪೊಲೀಸಿನೋರು ಹೇಳಿಕೆ ತಗಳಾಕೆ ಬರ್ತಾರೆ," ಎಂದು ಎದ್ದಳು. "ಕಂಡಿದ್ದು ಕಂಡಂಗೆ ಹೇಳ್ರಿ. ಬ್ಯಾರೆ ಏನೂ ಕೇಳಲ್ಲ ನಾನು."

ಶನಿವಾರ ಹತ್ತು ಗಂಟೆಗೆ ಪೇದೆ ಬಂದರು. ಬಸ್ ನಿಲ್ದಾಣದ ಕಟ್ಟೆಯ ಸುತ್ತ ಇಪ್ಪತ್ತು ಜನ ನೆರೆದಿದ್ದರು. ದೊಡ್ಡೀರಪ್ಪ ಮೊದಲು ಮಾತಾಡಿದ. ಹುಡುಗಿ ಅಡ್ಡ ಬಂದದ್ದೇ ಕಾರಣ, ರಸ್ತೆಯಲ್ಲಿ ಕಲ್ಲೇ ಇರಲಿಲ್ಲ ಎಂದ. ಕಾಂಚನಾ ಎದ್ದು ತಾನು ಕಂಡದ್ದನ್ನು ಹೇಳತೊಡಗಿದಳು. ಎರಡು ಮಾತಿಗೆ ಹಿಂದಿನಿಂದ ಯಾರೋ, ಓಡೋರಿಗೆ ಬಾಯಿನೂ ಓಡ್ತೈತೆ ಎಂದು ಅಣಕಿಸಿದರು. ನಗು ಹಬ್ಬಿತು. ಪೇದೆ ಬರೆಯುವುದನ್ನು ನಿಲ್ಲಿಸಿ ನಗು ಅಡಗಲೆಂದು ಕಾದರು.

ಕಾಟಪ್ಪ ಹಿಂದೆ ನಿಂತಿದ್ದ. ಜನರನ್ನು ಸರಿಸಿ ಮುಂದೆ ಬಂದ.

"ಬರ್ಕಳ್ರಿ ಸಾರ್. ಕಲ್ಲು ಇತ್ತು. ಇಟ್ಟೋನು ನಾನು, ಎತ್ತಿ ಚರಂಡಿಗೆ ಹಾಕ್ದೋನೂ ನಾನು. ನನ್ ಮಗಳು ರಸ್ತೆ ಮೇಲೇ ಇರ್ಲಿಲ್ಲ."

"ಲೇ ಕಾಟ, ತಲೆ ಕೆಟ್ಟೈತೇನ್ಲೇ ನಿಂಗೆ?" ಎಂದ ದೊಡ್ಡೀರಪ್ಪ.

"ಮೊನ್ನೆ ಕೆಟ್ಟಿತ್ತು. ಚರಂಡಿಗೆ ಇಳಿದು ನೋಡ್ರಿ ಸಾರ್, ಅಲ್ಲೇ ಬಿದ್ದಾವೆ."

ಪೇದೆ ಇಳಿದು ನೋಡಿದರು. ಕಲ್ಲುಗಳಿದ್ದವು. ಒಂದಕ್ಕೆ ಟೈರಿನ ಕರಿ ಮೆತ್ತಿತ್ತು. ಅವರು ಹೇಳಿಕೆ ಬರೆದುಕೊಂಡು, ಪ್ರಕರಣ ದಾಖಲಾಗುತ್ತದೆ, ಕರೆದಾಗ ಠಾಣೆಗೆ ಬರಬೇಕು ಎಂದರು. ಕಾಟಪ್ಪ ಆಗಲಿ ಎಂದ.

ಅಲ್ಲಿಂದ ಅವನು ನೇರವಾಗಿ ಹೋದದ್ದು ರವಿಕಿರಣನ ತಾಯಿ ಪಾತಮ್ಮನ ಮನೆಗೆ. ಆಸ್ಪತ್ರೆಗೆ ಹೊರಟ ಮುದುಕಿ ಬಟ್ಟೆ ಗಂಟು ಕಟ್ಟುತ್ತಿದ್ದಳು. ಬಾಗಿಲಲ್ಲಿ ನಿಂತು ಕಾಟಪ್ಪ ತಪ್ಪಾಯಿತೆಂದು ಅತ್ತುಬಿಟ್ಟ.

ಪಾತಮ್ಮ ಗಂಟು ಬಿಗಿದು ತಲೆಯೆತ್ತಿದಳು. "ನಿನ್ ಹುರುಳಿ ಇನ್ನೂ ರಸ್ತೆ ಮೇಲೈತಾ?"

"ಐತೆ."

"ಮೊದ್ಲು ಅದನ್ನ ಎತ್ತು. ಆಮೇಲೆ ಬಂದು ಅಳು."

ಅವನು ಹೋಗಿ ಎತ್ತಿದ. ಕಾಂಚನಾ ಬೆಳಗಿನ ಹಗುರ ಓಟ ಬಿಟ್ಟಿದ್ದಳು. ಮರುದಿನ ಹತ್ತು ಕಿಲೋಮೀಟರ್ ಓಡಬೇಕಾದವಳು ಆ ಮಧ್ಯಾಹ್ನವೆಲ್ಲ ಅಪ್ಪ ಅವ್ವನ ಜೊತೆ ಹೊರೆ ಹೊತ್ತಳು. ಕೂತಿರು ಎಂದು ಅವ್ವ ಎಷ್ಟು ಬೈದರೂ ಕೇಳಲಿಲ್ಲ. ಜಾಲಿ ಕಡಿದು, ಬಂಡೆ ಗುಡಿಸಿ, ನೀರು ಹಾಕಿ ತೊಳೆದರು. ಹೊತ್ತು ಮುಳುಗುವಷ್ಟರಲ್ಲಿ ಹುರುಳಿಯೆಲ್ಲ ಬಂಡೆಯ ಮೇಲಿತ್ತು.

ಭಾನುವಾರ ಮೊದಲ ಬಸ್ಸಿಗೆ ಕಾಟಪ್ಪನೇ ಮಗಳನ್ನು ಕರೆದುಕೊಂಡು ಹೋದ. ದಾವಣಗೆರೆಯಲ್ಲಿ ಅವಳು ಎಂಟನೆಯವಳಾಗಿ ಬಂದಳು. ಆರನೆಯವಳಿಗೂ ಅವಳಿಗೂ ನಡುವೆ ಹದಿನಾಲ್ಕು ಸೆಕೆಂಡು. ಆ ವಾರ ಅವಳಿಗೆ ಸಿಗಬೇಕಿದ್ದ ವಿಶ್ರಾಂತಿ, ನಿದ್ದೆ, ನೆಮ್ಮದಿ ಸಿಕ್ಕಿದ್ದರೆ ಆ ಹದಿನಾಲ್ಕು ಸೆಕೆಂಡು ಎಲ್ಲಿರುತ್ತಿದ್ದವೋ ಯಾರೂ ಖಚಿತವಾಗಿ ಹೇಳಲಾರರು. ಮುಂದಿನ ವರ್ಷವೂ ಆಯ್ಕೆ ಇರುತ್ತದೆ ಎಂದರು ಮೇಷ್ಟ್ರು. ರವಿಕಿರಣನ ಕಾಲಿಗೆ ಹಾಗೆ ಹೇಳುವವರು ಇರಲಿಲ್ಲ.

ಸೋಮವಾರ ಐದೂವರೆಗೆ ಅವಳು ಮತ್ತೆ ರಸ್ತೆಗೆ ಬಂದಳು. ಅವರ ಮನೆಯ ಗುಡ್ಡೆ ಇದ್ದ ಕಡೆ ಡಾಂಬರು ಬರಿದಾಗಿತ್ತು, ಒಂದು ಕಾಳೂ ಇರಲಿಲ್ಲ. ಒಂದೇ ಹೆಜ್ಜೆಯ ಲಯದಲ್ಲಿ, ಎಲ್ಲೂ ಮುರಿಯದೆ, ನೂರಿಪ್ಪತ್ತು ಮೀಟರ್ ಓಡಿದಳು. ಅದರಾಚೆ ದೊಡ್ಡೀರಪ್ಪನ ಹುರುಳಿ ಶುರುವಾಯಿತು. ಕಲ್ಲುಗಳು ಮತ್ತೆ ಬಂದಿದ್ದವು. ಅವಳು ನಿಂತು, ನಡೆದು ದಾಟಿದಳು.

ಓದುಗರೇ, ಕೇಳುಗರೇ, ನಿಮ್ಮ ಊರಿನ ರಸ್ತೆಯಲ್ಲಿ ಈ ಬೆಳಿಗ್ಗೆ ಎಷ್ಟು ಮೀಟರ್ ಖಾಲಿ ಇದೆ? ಅದೇ ದಾರಿಯಲ್ಲಿ ಹಾಲಿನವನು ಬರುತ್ತಾನೆ, ಹೆರಿಗೆ ನೋವಿನ ಹೆಂಗಸನ್ನು ಹೊತ್ತ ಆಂಬ್ಯುಲೆನ್ಸು ಬರುತ್ತದೆ, ಶಾಲೆಯ ಮಕ್ಕಳು ಬರುತ್ತಾರೆ. ಅವರು ಯಾರೂ ನಿಮ್ಮ ಬೆಳೆ ಒಕ್ಕಲು ಬರುವವರಲ್ಲ. ಬಂಡೆ ಗುಡಿಸಿಕೊಳ್ಳಿ, ನಾಲ್ಕು ಮನೆ ಸೇರಿ ಯಂತ್ರ ತರಿಸಿ, ಪಂಚಾಯಿತಿಗೆ ಹೋಗಿ ಕಣ ಕೇಳಿ. ಎಲ್ಲರೂ ಬಿಡಲಿ, ಆಮೇಲೆ ನಾನು ಬಿಡುತ್ತೇನೆ ಎನ್ನಬೇಡಿ. ರಸ್ತೆಯ ಮೇಲಿರುವ ಕಲ್ಲುಗಳಲ್ಲಿ ಒಂದಾದರೂ ನಿಮ್ಮದಾಗಿದ್ದರೆ, ಇವತ್ತು ಹೊತ್ತು ಮುಳುಗುವ ಮೊದಲು ಅದನ್ನು ಎತ್ತಿ.