ಮನೆ ತೋರಿಸುವ ಬಾಣ

“ನನ್ನ ಬಂದೂಕಿನ ದುರ್ಬೀನಲ್ಲಿ ಮನುಷ್ಯ ಇದಾನೆ!”

ವಾಕಿಟಾಕಿಯಲ್ಲಿ ರಿಸ್ತೋ ಹೇಳಿದ್ದು ಇಷ್ಟೇ. ಜೌಗಿನ ಮೇಲೆ ಮಂಜು ದಪ್ಪಗೆ ಕೂತಿತ್ತು. ಹಿಲ್ಕಾಳ ನಾಯಿ ಮೂಸ್ ಎಂಬ ದೈತ್ಯ ಜಿಂಕೆಯನ್ನು ಅಟ್ಟಿಕೊಂಡು ಬರುವ ಸದ್ದು ಹತ್ತಿರವಾಯಿತು, ನಮ್ಮ ಸಾಲನ್ನು ದಾಟಿತು, ಉತ್ತರಕ್ಕೆ ಹೋಗಿ ಸಣ್ಣದಾಯಿತು. ನಾನೂರು ಕಿಲೋ ತೂಗುವ, ಸಲಿಕೆಯಂಥ ಕೊಂಬಿನ ಪ್ರಾಣಿ ನಮ್ಮ ಮುಂದೆಯೇ ಆರಾಮಾಗಿ ಹೊರಟುಹೋಯಿತು. ಒಂದು ಗುಂಡೂ ಹಾರಲಿಲ್ಲ.

ನಾನು ಏಳನೇ ಕಾವಲಿನಲ್ಲಿದ್ದೆ. ನನ್ನ ಬಲಕ್ಕೆ ಎಂಟರಲ್ಲಿ ರಿಸ್ತೋ, ಅವನ ಆಚೆ ಒಂಬತ್ತರಲ್ಲಿ ನಮ್ಮ ಬೇಟೆ ಸಂಘದ ನಾಯಕ ತೌನೋ. ಕಾವಲಿಗೆ ನಿಂತವನು ನಾಯಕ ಹೇಳುವ ತನಕ ಜಾಗ ಬಿಟ್ಟು ಒಂದು ಹೆಜ್ಜೆ ಸರಿಯುವ ಹಾಗಿಲ್ಲ. ಬೇರೆ ನಿಯಮ ಮುರಿದರೆ ಬೈಗುಳ, ಇದನ್ನು ಮುರಿದರೆ ಸಂಘದಿಂದ ಹೊರಗೆ. ಎದೆಮಟ್ಟದಲ್ಲಿ ಗುಂಡು ಹಾರುವ ಕಡೆ ಅದು ಸರಿಯಾದ ನಿಯಮ. ನಿಯಮದ ಮೇಲೆ ನನಗೆ ಸಿಟ್ಟಿಲ್ಲ.

ಬೆಂಕಿಯ ಹತ್ತಿರ ಎಲ್ಲರೂ ಸೇರಿದಾಗ ರಿಸ್ತೋ ಕಾಫಿ ಲೋಟ ಹಿಡಿದು ಕೂತಿದ್ದ. ಅವನು ಶಾಲೆಯ ಬಸ್ಸು ಓಡಿಸುವವನು.

“ಟ್ರಿಗರ್ ಮೇಲೆ ಬೆರಳಿತ್ತು,” ಎಂದ. “ನಾಯಿ ಬೊಗಳ್ತಾ ಬರ್ತಿದೆ, ನನ್ನ ಮುಂದಿನ ತಗ್ಗಲ್ಲಿ ಏನೋ ಅಲ್ಲಾಡ್ತು. ಬಂತು ಅಂದ್ಕೊಂಡೆ. ಆಮೇಲೆ ಕಿತ್ತಳೆ ಬಣ್ಣ ಕಾಣಿಸ್ತು. ಅರ್ಧ ಸೆಕೆಂಡು ತಡವಾಗಿದ್ರೆ ಹೆಣ ಬೀಳ್ತಿತ್ತು.”

“ಯಾರದು?” ಎಂದಳು ಹಿಲ್ಕಾ.

“ಮುಖ ಕಾಣ್ಲಿಲ್ಲ.”

ಎಲ್ಲರ ಮೈಮೇಲೂ ಅದೇ ಕಿತ್ತಳೆ ಬಣ್ಣದ ಅಂಗಿ, ಅದೇ ಬಣ್ಣದ ಟೋಪಿ. ಆ ತಗ್ಗಿಗೆ ಇಳಿಯಬಹುದಾದವರು ಇಬ್ಬರೇ: ಎಡದಿಂದ ನಾನು, ಬಲದಿಂದ ತೌನೋ. ಆದರೂ ಅಲ್ಲಿದ್ದ ಅಷ್ಟೂ ಜನ ನನ್ನ ಕಡೆಯೇ ತಿರುಗಿದರು. ಯಾರೂ ಹೇಳಿಕೊಡದೆ, ಕುರಿಮಂದೆಯ ಹಾಗೆ.

ನಮ್ಮಲ್ಲಿ ಎಲ್ಲರೂ ಎಲ್ಲರನ್ನೂ ಏಕವಚನದಲ್ಲೇ ಕರೆಯುತ್ತಾರೆ. ಕೇಳಿದವರಿಗೆ ಎಂಥ ಸಮಾನತೆ ಅನ್ನಿಸಬೇಕು. ಆದರೆ ತೌನೋನನ್ನು ‘ಯಜಮಾನ’ ಎನ್ನುತ್ತಾರೆ, ನನ್ನನ್ನು ‘ಹುಡುಗ’. ನನಗೆ ಇಪ್ಪತ್ತಾರು. ಹದಿನಾರಕ್ಕೇ ಶಾಲೆ ಬಿಟ್ಟು ಗರಗಸ ಹಿಡಿದವನು, ಹತ್ತು ವರ್ಷದಿಂದ ಇವರೆಲ್ಲರ ಕಾಡನ್ನು ಕೊಯ್ದು ಚೊಕ್ಕ ಮಾಡಿಕೊಟ್ಟವನು. ನನ್ನ ಹೆಸರಲ್ಲಿ ಮಾತ್ರ ಒಂದು ಗಿಡ ನೆಡುವಷ್ಟು ನೆಲವಿಲ್ಲ. ಬೇಟೆಯ ಹಕ್ಕು ನೆಲ ಇದ್ದವನದು. ಇಲ್ಲದವನಿಗೆ ಇರುವ ಬಾಗಿಲು ಈ ಸಂಘ ಒಂದೇ. ಅದು ಮುಚ್ಚಿದರೆ ಬಂದೂಕು ಮೊಳೆಗೆ, ನಾನು ಮತ್ತೆ ಇವರ ಕಾಡಿಗೆ ಕೂಲಿಯವನಾಗಿ ಮಾತ್ರ.

“ನಾನು ಕೂತಲ್ಲಿಂದ ಎದ್ದಿಲ್ಲ,” ಎಂದೆ.

“ಗಲಾಟೆ ಬೇಡ,” ಎಂದ ತೌನೋ. “ವಾಚನ್ನೇ ಕೇಳೋಣ.”

ಹೋದ ವರ್ಷ ಊರಿನ ಅನುದಾನದಲ್ಲಿ ಸಂಘ ಎಲ್ಲರಿಗೂ ಜಿಪಿಎಸ್ ವಾಚು ಕೊಡಿಸಿತ್ತು. ಎಲ್ಲವೂ ಒಂದೇ ಕಂಪನಿಯವು, ಒಂದೇ ಕಪ್ಪು ಬಣ್ಣದವು. ಕಾಡಿನಲ್ಲಿ ಯಾರು ಎಲ್ಲಿದ್ದಾರೆ ಎಂಬುದನ್ನು ಪ್ರತಿಯೊಂದು ವಾಚೂ ನಾಯಕನ ಫೋನಿಗೆ ಕಳಿಸುತ್ತದೆ. ಅಲ್ಲಿ ನಕ್ಷೆಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಚುಕ್ಕೆ, ಚುಕ್ಕೆಯ ಪಕ್ಕ ಹೆಸರು. ಆ ನಕ್ಷೆಯನ್ನು ನೋಡುವ ಅಧಿಕಾರ ನಾಯಕನಿಗೆ ಮಾತ್ರ. ಆ ನಿಯಮವನ್ನೂ ಅವನೇ ಬರೆದದ್ದು.

ತೌನೋ ಫೋನು ತೆಗೆದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಮೊದಲು ಹುಬ್ಬು ಮೇಲಕ್ಕೆ ಹೋಯಿತು. ಅಚ್ಚರಿಯೋ ಏನೋ. ಆಮೇಲೆ ಮೂಗಿನಿಂದ ಉದ್ದನೆಯ ಉಸಿರು ಬಿಟ್ಟ, ಹಲ್ಲುನೋವು ನಿಂತವನ ಹಾಗೆ. ಎರಡು ಬೆರಳಿನಲ್ಲಿ ನಕ್ಷೆಯನ್ನು ಹಿಗ್ಗಿಸಿದ, ಹಿಗ್ಗಿಸಿದ, ಒಂದೇ ಚುಕ್ಕೆ ಉಳಿಯುವ ತನಕ ಹಿಗ್ಗಿಸಿ ನಮ್ಮ ಕಡೆ ತಿರುಗಿಸಿದ.

ಒಂಬತ್ತು ಗಂಟೆ ಹನ್ನೆರಡು ನಿಮಿಷ. ರಿಸ್ತೋನ ಮುಂದಿನ ತಗ್ಗು. ಚುಕ್ಕೆಯ ಪಕ್ಕ: ಸಾಮುಲಿ. ನನ್ನ ಹೆಸರು.

“ವಾಚು ಸುಳ್ಳು ಹೇಳಲ್ಲ ಹುಡುಗ,” ಎಂದವನೇ ಫೋನನ್ನು ಜೇಬಿಗೆ ಸೇರಿಸಿದ.

“ಪೂರ್ತಿ ನಕ್ಷೆ ತೋರಿಸು.”

“ಇನ್ನೇನು ನೋಡ್ಬೇಕು ನಿಂಗೆ? ಬಂದೂಕು ಖಾಲಿ ಮಾಡು, ನಡಿ. ಮೂರು ಗಂಟೆಗೆ ಶೆಡ್ಡಿಗೆ ಬಾ. ಮಾಂಸ ಪಾಲು ಮಾಡೋ ಮುಂಚೆ ಮತ ಹಾಕ್ತೀವಿ.” ನಾನು ಹೊರಟ ಮೇಲೆ ಹಿಂದಿನಿಂದ ಮತ್ತೆ ಕರೆದ. “ಏಯ್, ಆ ವಾಚು ಬಿಚ್ಚಿ ಕೊಟ್ಟು ಹೋಗು. ಸಂಘದ ಸೊತ್ತು ಅದು.”

“ಮತ ಬೀಳ್ಲಿ, ಆಮೇಲೆ ಬಿಚ್ಕೋ.”

“ಈಗ್ಲೇ ಕೊಡು ಅಂದೆ.”

“ಕೈ ಸಮೇತ ಕತ್ತರಿಸ್ಕೊಂಡು ಹೋಗು ಬಾ!”

ಹಿಲ್ಕಾ ನಕ್ಕಳು. ತೌನೋ ನಗಲಿಲ್ಲ.

ವ್ಯಾನಿನಲ್ಲಿ ಕೂತು ಸ್ಟಿಯರಿಂಗಿಗೆ ನಾಲ್ಕು ಗುದ್ದು ಗುದ್ದಿದೆ. ಆಮೇಲೆ ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ಎಳೆದು ನಿಲ್ಲಿಸಿದೆ. ರಿಸ್ತೋ ಸುಳ್ಳು ಹೇಳುತ್ತಿದ್ದಾನಾ? ಮುಖ ಕಾಣಲಿಲ್ಲ ಎನ್ನುವಾಗ ಅವನು ಕಾಫಿ ಲೋಟದೊಳಗೆ ನೋಡಿದ್ದೇಕೆ? ಏನನ್ನೋ ನುಂಗಿಕೊಂಡ ಹಾಗಿತ್ತು. ಸಂಘದಲ್ಲಿ ಜಾಗ ಖಾಲಿಯಾಗಲಿ ಎಂದು ತೌನೋನ ಅಳಿಯ ಎರಡು ವರ್ಷದಿಂದ ಕಾಯುತ್ತಿದ್ದಾನೆ. ಫೋನಿನಲ್ಲಿ ಹೆಸರು ಬದಲಾಯಿಸುವುದು ದೊಡ್ಡ ವಿಷಯವಾ? ಅಥವಾ ನನಗೇ ತಲೆ ಕೆಟ್ಟು, ಎದ್ದು ಹೋದದ್ದು ಮರೆತುಹೋಯಿತಾ? ಅದನ್ನೂ ಯೋಚಿಸಿದೆ. ಅಷ್ಟು ಜನ ಒಟ್ಟಿಗೆ ನೋಡಿದರೆ ಮನುಷ್ಯನಿಗೆ ತನ್ನ ಕಾಲಿನ ಮೇಲೇ ಅನುಮಾನ ಬರುತ್ತದೆ.

ಸೆಕೆಗೆ ಜಾಕೆಟ್ಟು ಬಿಚ್ಚಿದೆ. ಕಾಡಿನಲ್ಲಿ ನಾವು ವಾಚನ್ನು ತೋಳಿನ ಬಟ್ಟೆಯ ಮೇಲೇ ಕಟ್ಟುತ್ತೇವೆ, ಕೈಗವುಸು ತೆಗೆಯದೆ ನೋಡಬಹುದೆಂದು. ಅದನ್ನು ಬಿಚ್ಚಿ ಬರಿಗೈಗೆ ಕಟ್ಟಿಕೊಂಡೆ. ಪಟ್ಟಿಯಲ್ಲಿ ಸವೆದು ಅಗಲವಾಗಿದ್ದ ತೂತಿಗೆ ಹಾಕಿದ ಕೂಡಲೇ ವಾಚು ಬಳೆಯ ಹಾಗೆ ಮೊಣಕೈ ತನಕ ಜಾರಿತು.

ಅದು ನನ್ನ ತೂತಲ್ಲ. ಅಷ್ಟು ದಪ್ಪ ಕೈ ನನ್ನದಲ್ಲ.

ಗುಂಡಿಗಳನ್ನು ಒತ್ತುತ್ತಾ ಹೋದೆ. ಬೆಳಗಿನ ದಾರಿ ಸಿಕ್ಕಿತು: ಏಳನೇ ಕಾವಲು, ಆರೂವರೆಯಿಂದ ಒಂಬತ್ತೂವರೆ, ಒಂದು ಗೆರೆಯೂ ಆಚೀಚೆ ಇಲ್ಲ. ಅಂದರೆ ನಾನು ಎದ್ದಿರಲಿಲ್ಲ. ಗುರುತು ಹಾಕಿದ ಜಾಗಗಳ ಪಟ್ಟಿ ತೆರೆದೆ. ಲಕ್ಕಾ ಒಂದು, ಲಕ್ಕಾ ಎರಡು, ಹೀಗೆ ಏಳರ ತನಕ. ಜುಲೈಯಲ್ಲಿ ಜೌಗಿನಲ್ಲಿ ಬಿಡುವ ಹಳದಿ ಲಕ್ಕಾ ಹಣ್ಣಿನ ಜಾಗಗಳು. ನಮ್ಮ ಕಡೆ ಜನ ಬ್ಯಾಂಕಿನ ಗುಟ್ಟಾದರೂ ಹೇಳುತ್ತಾರೆ, ಲಕ್ಕಾ ಬಿಡುವ ಜಾಗವನ್ನು ಹೆಂಡತಿಗೂ ಹೇಳುವುದಿಲ್ಲ. ಪ್ರತಿ ವರ್ಷ ಬಕೆಟ್ಟುಗಟ್ಟಲೆ ತಂದು, ಎಲ್ಲಿಂದ ಎಂದು ಕೇಳಿದರೆ ಆಕಾಶ ತೋರಿಸುವವನು ಊರಿಗೆ ಒಬ್ಬನೇ.

ಕೊನೆಗೆ ‘ಮನೆ’ ಗುಂಡಿ ಒತ್ತಿದೆ. ಮಂಜಿನಲ್ಲಿ ದಾರಿ ತಪ್ಪಿದರೆ ಇರಲಿ ಎಂದು, ವಾಚು ಕೊಟ್ಟ ದಿನ ಎಲ್ಲರೂ ಅವರವರ ಅಂಗಳದಲ್ಲಿ ನಿಂತು ಮನೆಯ ಗುರುತು ಹಾಕಿಕೊಂಡು ಬರಬೇಕೆಂದು ತೌನೋ ಅಪ್ಪಣೆ ಮಾಡಿದ್ದ. ನನ್ನದು ಪೆಟ್ರೋಲ್ ಬಂಕಿನ ಹಿಂದಿನ ಬಾಡಿಗೆ ಮನೆ, ದಕ್ಷಿಣಕ್ಕೆ. ಬಾಣ ಉತ್ತರಕ್ಕೆ ತಿರುಗಿತು. ಎರಡು ಕಿಲೋಮೀಟರು. ತೌನೋನ ಕೆಂಪು ಮನೆ.

ನಿನ್ನೆ ಸಂಜೆ ಎಲ್ಲರೂ ಒಟ್ಟಿಗೆ ಕೂತ ಸೌನಾ, ನಮ್ಮ ಉಗಿಸ್ನಾನದ ಕೋಣೆ, ನೆನಪಾಯಿತು. ಆ ಬಿಸಿಯಲ್ಲಿ ಲೋಹ ಚರ್ಮ ಸುಡುತ್ತದೆಂದು ಎಲ್ಲರೂ ವಾಚು ಬಿಚ್ಚಿ ಹೊರಕೋಣೆಯ ಮೊಳೆಗಳಿಗೆ ನೇತುಹಾಕಿದ್ದೆವು. ಬರುವಾಗ ನಾನು ಅವನದನ್ನು ಎತ್ತಿಕೊಂಡೆನೋ, ಅವನು ನನ್ನದನ್ನೋ. ತಪ್ಪು ಅಷ್ಟೇ. ಆದರೆ ಬೆಂಕಿಯ ಹತ್ತಿರ ಆ ಫೋನಿನಲ್ಲಿ ಏಳನೇ ಕಾವಲಿನ ಮೇಲೆ ತನ್ನದೇ ಹೆಸರನ್ನು ನೋಡಿದ ಮೇಲೆ ಅವನು ಹೇಳಿದ್ದು ತಪ್ಪಲ್ಲ. ಅದು ತಿಳಿದೇ ಹೇಳಿದ ಸುಳ್ಳು.

ಮೂರು ಗಂಟೆಗೆ ಶೆಡ್ಡಿಗೆ ಹೋದೆ. ಶೆಡ್ಡು ತೌನೋನ ನೆಲದಲ್ಲೇ ಇದೆ, ಕಿಟಕಿಯಿಂದ ಅವನ ಮನೆ ಕಾಣುತ್ತದೆ. ಹೋದ ಶನಿವಾರ ಹೊಡೆದ ಮೂಸಿನ ಮಾಂಸವನ್ನು ಮೇಜಿನ ಮೇಲೆ ಗುಡ್ಡೆ ಗುಡ್ಡೆಯಾಗಿ ಇಟ್ಟಿದ್ದರು. ಎಣಿಸಿದೆ. ಒಂದು ಗುಡ್ಡೆ ಕಡಿಮೆ. ಮತ ಹಾಕುವ ಮೊದಲೇ.

“ಯಜಮಾನ, ನಿನ್ನ ವಾಚೆಲ್ಲಿ?” ಎಂದೆ.

“ಮಾಂಸ ಕಡಿಯುವಾಗ ಯಾರಾದ್ರೂ ವಾಚು ಕಟ್ಕೋತಾರಾ?”

ಮಿಕ್ಕ ಎಲ್ಲರ ತೋಳಿನಲ್ಲೂ ಇತ್ತು. ಹಿಲ್ಕಾ ಸುತ್ತಲೂ ನೋಡಿದಳು. “ನಾವೆಲ್ಲ ಕಟ್ಕೊಂಡಿದೀವಲ್ಲ,” ಎಂದಳು.

“ಮತ ಹಾಕೋಕೆ ಮುಂಚೆ ಒಂದೇ ಒಂದು ಕೆಲಸ,” ಎಂದೆ. ದನಿ ಏರದಂತೆ ಹಲ್ಲು ಕಚ್ಚಿಕೊಂಡಿದ್ದೆ. “ಎಲ್ಲರೂ ಮನೆ ಗುಂಡಿ ಒತ್ತಿ. ತೌನೋನೂ ಒತ್ಲಿ.”

“ಹುಡುಗನ ನಾಟಕ ನೋಡ್ತಾ ಕೂತ್ರೆ ಮಾಂಸ ಹಳಸುತ್ತೆ...” ಎಂದ ತೌನೋ.

“ನಾನು ಇವತ್ತು ಯಾರನ್ನ ಕೊಲ್ತಿದ್ದೆ ಅಂತ ನಂಗೆ ಗೊತ್ತಾಗ್ಬೇಕು.” ಮೂಲೆಯಿಂದ ಬಂದದ್ದು ರಿಸ್ತೋನ ಮಾತು. ಅವನು ಎದ್ದು ಹೋಗಿ, ಮೊಳೆಗೆ ತೂಗುಹಾಕಿದ್ದ ತೌನೋನ ಜಾಕೆಟ್ಟಿನ ಜೇಬಿಗೆ ಕೈ ಹಾಕಿದ. ತೌನೋ ಎರಡು ಹೆಜ್ಜೆ ಮುಂದೆ ಬಂದ, ನಿಂತ. ರಿಸ್ತೋ ವಾಚು ತೆಗೆದು ಗುಂಡಿ ಒತ್ತಿ, ಓದಿದ.

“ಮನೆ. ಹನ್ನೊಂದು ಕಿಲೋಮೀಟರು. ಬಾಣ ದಕ್ಷಿಣಕ್ಕಿದೆ.”

ಎಲ್ಲರೂ ಕಿಟಕಿಯ ಕಡೆ ನೋಡಿದರು. ಕೆಂಪು ಮನೆಯ ಚಿಮಣಿಯಿಂದ ಹೊಗೆ ಬರುತ್ತಿತ್ತು. ಕಲ್ಲೆಸೆದರೆ ತಾಗುವಷ್ಟು ಹತ್ತಿರ.

ನಾನು ನನ್ನ ಕೈಯ ವಾಚನ್ನು ಮೇಜಿನ ಮೇಲಿಟ್ಟೆ. ಬಾಣ ಸೀದಾ ಆ ಚಿಮಣಿಯನ್ನೇ ತೋರಿಸುತ್ತಿತ್ತು. “ಇದು ನಿಂದು ಯಜಮಾನ. ಇದು ಬೆಳಿಗ್ಗೆಯೆಲ್ಲ ಏಳನೇ ಕಾವಲಲ್ಲಿ ನನ್ನ ಜೊತೆ ಕೂತಿತ್ತು. ನಂದು ನಿನ್ನ ಜೊತೆ ತಿರುಗಾಡೋಕೆ ಹೋಗಿತ್ತು.”

“ಸೌನಾದಲ್ಲಿ ನೀನೇ ಬದಲಾಯ್ಸಿರ್ತೀಯ,” ಎಂದ ತೌನೋ. ಕುತ್ತಿಗೆ ಕೆಂಪಾಗಿತ್ತು. “ಬೇಕಂತಲೇ. ನನ್ನ ಸಿಕ್ಕಿಸೋಕೆ.”

“ಆಯ್ತಪ್ಪ, ಬೇಕಂತಲೇ ಬದಲಾಯ್ಸಿದ ಅಂತಿಟ್ಕೋ,” ಎಂದಳು ಹಿಲ್ಕಾ. “ಕಾಲೂ ಬದಲಾಯ್ಸಿದ್ನಾ? ನಡೆದದ್ದು ನಿನ್ನ ಕಾಲು ತಾನೆ?”

ರಿಸ್ತೋ ಕೆಮ್ಮಿದ. “ನಾನು ಬೆಳಿಗ್ಗೆ ಒಂದು ಮಾತು ನುಂಗ್ಕೊಂಡೆ. ಯಾರೇ ಆಗಿರ್ಲಿ, ಮರ್ಯಾದೆ ಉಳೀಲಿ ಅಂತ. ಮುಖ ಕಾಣ್ಲಿಲ್ಲ ಅಂದೆನಲ್ಲ, ನನ್ನ ಕಡೆ ಇದ್ದದ್ದು ಮುಖ ಅಲ್ಲ. ಚಡ್ಡಿ ಇಳಿಸಿ ಕೂತಿದ್ದ.”

ಮೊದಲು ಹಿಲ್ಕಾ, ಆಮೇಲೆ ಇಡೀ ಶೆಡ್ಡು. ಬಾಗಿ ಬಾಗಿ ನಕ್ಕರು. “ಹೊಟ್ಟೆ ಕೆಟ್ಟಿತ್ತು ಕಣ್ರೋ!” ಎಂದು ತೌನೋ ಕೂಗಿದ. “ಕಾವಲಲ್ಲೇ ಕೂತ್ರೆ ವಾಸನೆ ಮೂಸಿನ ಕಡೆ ಹೋಗ್ತಿತ್ತು, ಗಾಳಿ ನೋಡಿ ತಗ್ಗಿಗೆ ಇಳಿದೆ!” ನಗು ಇನ್ನೂ ಜೋರಾಯಿತು. ನಗದೆ ನಿಂತವರು ಇಬ್ಬರು, ರಿಸ್ತೋ ಮತ್ತು ನಾನು.

“ಹೊಟ್ಟೆ ಯಾರಿಗೂ ಕೆಡುತ್ತೆ,” ಎಂದೆ. “ಅದನ್ನ ನನ್ನ ಹೆಸರಿಗೆ ಯಾಕೆ ಬರೆದೆ?”

ನಗು ತಾನಾಗಿ ಇಳಿಯಿತು.

“ನಿಯಮ ಇದೆಯಲ್ಲ,” ಎಂದೆ. “ಮತ ಹಾಕಿ ಈಗ.”

ಎಲ್ಲರೂ ನೆಲ ನೋಡಿದರು. ನಾವು ಬೇಟೆಯಾಡುವ ಕಾಡಿನಲ್ಲಿ ಮೂರರಲ್ಲೊಂದು ಪಾಲು ತೌನೋನದು. ಅವನು ಹೊರಗೆ ಹೋದರೆ ಅವನ ಕಾಡೂ ಹೋಗುತ್ತದೆ. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೊರಹಾಕುವ ಮತಕ್ಕೆಂದು ನನ್ನ ಹೆಸರು ಬರೆದಿಟ್ಟಿದ್ದ ಕಾಗದವನ್ನು ಯಾರೋ ಮಡಚಿ ಒಲೆಗೆ ಹಾಕಿದರು. ಬೇರೆ ಕಾಗದ ಯಾರೂ ತೆಗೆಯಲಿಲ್ಲ. “ಇನ್ನು ಮುಂದೆ ಇವನ ಪಕ್ಕದ ಕಾವಲಿಗೆ ನಾನು ನಿಲ್ಲಲ್ಲ,” ಎಂದು ರಿಸ್ತೋ ಮಾತ್ರ ಹೇಳಿದ. ಬೆಳಿಗ್ಗೆ ನನಗೆ ಕಬ್ಬಿಣವಾಗಿದ್ದ ನಿಯಮ ಮಧ್ಯಾಹ್ನಕ್ಕೆ ಬೆಣ್ಣೆಯಾಗಿತ್ತು.

ಹಿಲ್ಕಾ ಚಾಕು ಎತ್ತಿಕೊಂಡು ಪ್ರತಿ ಗುಡ್ಡೆಯಿಂದ ಸ್ವಲ್ಪ ಸ್ವಲ್ಪ ತೆಗೆದು ಇನ್ನೊಂದು ಗುಡ್ಡೆ ಮಾಡಿದಳು. ಪಾಲಿನಲ್ಲಿ ಯಾರಿಗೂ ಅನುಮಾನ ಬರಬಾರದೆಂದು ನಮ್ಮಲ್ಲಿ ಒಬ್ಬನು ಗೋಡೆಗೆ ಮುಖ ಮಾಡಿ ನಿಲ್ಲುತ್ತಾನೆ. ಇನ್ನೊಬ್ಬರು ಗುಡ್ಡೆ ಮುಟ್ಟಿ ಕೇಳಿದಾಗ, ನೋಡದೆ ಹೆಸರು ಹೇಳುತ್ತಾನೆ. ಯಾವಾಗಲೂ ತೌನೋನೇ ನಿಲ್ಲುವುದು. ಇವತ್ತೂ ಹೋಗಿ ನಿಂತ.

“ಇದು ಯಾರದು?” ಎಂದಳು ಹಿಲ್ಕಾ, ಮೊದಲ ಗುಡ್ಡೆ ಮುಟ್ಟಿ.

ತೌನೋ ಗೋಡೆಗೇ ಹೇಳಿದ. “ಸಾಮುಲೀದು.”

ಅವನ ಲೆಕ್ಕದಲ್ಲಿ, ಮೊದಲು ನನ್ನ ಹೆಸರು ಹೇಳಿದ್ದೇ ಕ್ಷಮೆ. ನನ್ನ ಲೆಕ್ಕದಲ್ಲಿ ಅದು ನನ್ನ ಕಡೆ ತಿರುಗಿಸಿದ ಬೆನ್ನು. ಮಾಂಸ ತೆಗೆದುಕೊಂಡೆ. ಅದು ನನ್ನದು, ಬಿಡಲು ನಾನೇನು ಸನ್ಯಾಸಿಯೇ?

ವ್ಯಾನಿನ ಹತ್ತಿರ ಅವನು ನನ್ನ ವಾಚು ಹಿಡಿದುಕೊಂಡು ಬಂದ. ಅವನದನ್ನು ಕೊಟ್ಟೆ, ನನ್ನದನ್ನು ಇಸಿದುಕೊಂಡೆ. ಹೋಗಲಿಲ್ಲ, ನಿಂತೇ ಇದ್ದ. ಬೂಟಿನ ತುದಿಯಿಂದ ಜಲ್ಲಿಕಲ್ಲು ಕೆದಕಿದ.

“ಒಳಗೆಲ್ಲ ನೋಡಿದ್ಯಾ?” ಎಂದ. ಇಡೀ ದಿನದಲ್ಲಿ ಅವನು ಮೆತ್ತಗೆ ಆಡಿದ ಮಾತು ಅದೊಂದೇ.

“ಏನನ್ನ?”

“ಅದೇ... ಪಟ್ಟಿ ಗಿಟ್ಟಿ.”

ನಾನು ಸಂಖ್ಯೆಗಳ ಮನುಷ್ಯನಲ್ಲ. ಲಕ್ಕಾ ಹಣ್ಣಿನ ಏಳು ಜಾಗಗಳಲ್ಲಿ ಒಂದರ ಅಂಕಿಯೂ ತಲೆಯಲ್ಲಿ ಉಳಿದಿರಲಿಲ್ಲ. ಆದರೆ ಅದು ಅವನಿಗೆ ಗೊತ್ತಿಲ್ಲ. ಅವನ ಕಣ್ಣು ನನ್ನ ಮುಖದ ಮೇಲೆ ಓಡಾಡುತ್ತಿತ್ತು, ಬೆಳಿಗ್ಗೆ ನನ್ನ ಕಣ್ಣು ಅವನ ಮುಖದ ಮೇಲೆ ಓಡಾಡಿದ ಹಾಗೆಯೇ.

ವ್ಯಾನು ಶುರು ಮಾಡಿ ಕಿಟಕಿ ಇಳಿಸಿದೆ.

“ಜುಲೈಯಲ್ಲಿ ಸಿಗೋಣ ಯಜಮಾನ,” ಎಂದೆ.