ಗುಳ್ಳೆಗಳ ಗೋಡೆ

ಹಳೆಯ ಸೇತುವೆಯ ಬುಡದಲ್ಲಿದ್ದ ಬಂಡೆಯನ್ನು ನೀರೊಳಗೇ ಸಿಡಿಸಿ ತೆಗೆಯುವ ಕೆಲಸ ನಡೆದಿತ್ತು. ಅಲ್ಲಿಂದ ನೂರು ಮಾರು ಆಚೆಗೆ ಅಕ್ಕ ಮೀನು ಸಾಕುವ ಬಲೆಗೂಡುಗಳು. ಮರಿ ಮಾಡಿಸಲೆಂದು ಒಂಬತ್ತು ವರ್ಷ ಸಾಕಿದ ತಾಯಿಮೀನುಗಳು ಅವುಗಳಲ್ಲಿದ್ದವು. ಅವನ್ನು ಕಾಯುವ ಭಾರ ತಮ್ಮನ ತಲೆಯ ಮೇಲೆ. ಗಾಳಿಯಂತ್ರ ನಡೆಸುವವನು ಅವನೇ.

ಬಂಡೆಗೂ ಬಲೆಗಳಿಗೂ ನಡುವೆ ಹೊಳೆಯ ತಳದಲ್ಲಿ ತೂತಿನ ಪೈಪು ಅಡ್ಡ ಮಲಗಿಸಿ ಗಾಳಿ ಬಿಟ್ಟರೆ, ಗುಳ್ಳೆಗಳು ಸಾಲಾಗಿ ಎದ್ದು ಗೋಡೆಯಂತೆ ನಿಲ್ಲುತ್ತವೆ. "ಬರೀ ನೀರು ಸಿಡಿತದ ಏಟನ್ನ ಹಾಗೇ ದಾಟಿಸಿಬಿಡುತ್ತೆ. ಗುಳ್ಳೆ ತಾನು ಕುಗ್ಗಿ ಏಟು ನುಂಗುತ್ತೆ," ಎಂದಿದ್ದರು ಇಂಜಿನಿಯರು. ಇಷ್ಟು ಮೆತ್ತಗಿನದಕ್ಕೆ ದೇವರು ಎಂಥ ಕೆಲಸ ಒಪ್ಪಿಸಿದ್ದಾನಪ್ಪ ಎಂದು ಅವನು ಮನಸ್ಸಿನಲ್ಲೇ ಕೈಮುಗಿದಿದ್ದ.

ಪ್ರತಿ ಸಿಡಿತಕ್ಕೂ ಮೊದಲು ಅವನು ದೋಣಿಯಲ್ಲಿ ಕೂತು, ಅಂಗೈ ನೀರಿಗಿಳಿಸಿ, ದಡದಿಂದ ದಡಕ್ಕೆ ಗುಳ್ಳೆಗಳನ್ನು ಸವರುತ್ತ ಹೋಗುತ್ತಿದ್ದ. ಐದನೆಯ ಸಿಡಿತದ ದಿನ ಗಾಳಿ ಬೀಸುತ್ತಿತ್ತು. ನೀರ ಮೇಲೆಲ್ಲ ನೊರೆ, ಗುಳ್ಳೆಗಳ ಸಾಲು ಕಾಣುತ್ತಿರಲಿಲ್ಲ. ಯಂತ್ರದ ಒತ್ತಡದ ಮುಳ್ಳು ಎಂದಿಗಿಂತ ಎರಡು ಗೆರೆ ಮೇಲಿತ್ತು. ಇವತ್ತು ಇದಕ್ಕೆ ಒಳ್ಳೆ ಹುರುಪು ಎಂದುಕೊಂಡು ದಡದಲ್ಲೇ ನಿಂತ.

"ಕೈ ಹಾಕಿ ನೋಡಿದ್ಯೇನೋ?" ಅಕ್ಕ ಎದುರು ದಡದಿಂದ ಕೂಗಿದಳು.

"ಮುಳ್ಳು ಮೇಲಿದೆ ಕಣಕ್ಕಾ! ನಾನಿಲ್ವಾ?"

"ನೀನಿದ್ದೀಯ ಅಂತಲೇ ಕೇಳಿದ್ದು ಮಾರಾಯ!"

ಇಬ್ಬರೂ ನಕ್ಕರು. ಸಿಡಿತವಾಯಿತು. ಕಾಲಡಿಯ ನೆಲ ಒಮ್ಮೆ ಜುಂ ಎಂದಿತು. ಸ್ವಲ್ಪ ಹೊತ್ತಿಗೆ ಅಕ್ಕನ ಬಲೆಗಳಲ್ಲಿ ಬೆಳ್ಳಗಿನ ಹೊಟ್ಟೆಗಳು ಒಂದೊಂದಾಗಿ ಮೇಲೆ ಬಂದವು.

ಪೈಪು ಎತ್ತಿಸಿದಾಗ ಅಕ್ಕನ ಕಡೆಯ ತೂತುಗಳಿಗೆಲ್ಲ ಕೆಸರು ಮೆತ್ತಿಕೊಂಡಿತ್ತು. ಇಂಜಿನಿಯರು ಬೈಯಲಿಲ್ಲ. "ಗಾಳಿಗೆ ದಾರಿ ಕಟ್ಟಿದ್ರೆ ಮುಳ್ಳು ಏರದೆ ಇನ್ನೇನು ಮಾಡುತ್ತೆ?" ಎಂದರು, ಅಷ್ಟೆ. ಆ ಎರಡು ಗೆರೆ ಹುರುಪಲ್ಲ, ಉಬ್ಬಸ.

ಅಕ್ಕ ಮೀನುಗಳನ್ನು ಬುಟ್ಟಿಗೆ ತುಂಬುತ್ತಿದ್ದಳು. ಒಂದನ್ನು ಮಾತ್ರ ಮಡಿಲಲ್ಲಿಟ್ಟುಕೊಂಡು ಕೂತಳು. ಬಾಲದ ತುದಿ ಸೀಳಿದ್ದ, ಅವಳು ಮೊಟ್ಟಮೊದಲು ಸಾಕಿದ ತಾಯಿಮೀನು ಅದು. ಬುಟ್ಟಿ ಎತ್ತಲು ಅವನು ಕೈ ಹಾಕಿದ.

"ಅಕ್ಕಾ..."

"ಬೇಡ ಬಿಡು. ನಾನೇ ಎತ್ತಿಡ್ತೀನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಬಾಯಿಗೆ ಬಂದ 'ತಪ್ಪಾಯ್ತು' ಅಲ್ಲೇ ಉಳಿಯಿತು.

ಆರನೆಯ ಸಿಡಿತದ ದಿನ ಗಾಳಿಯಿರಲಿಲ್ಲ, ಗುಳ್ಳೆಗಳ ಸಾಲು ದಡದಿಂದಲೇ ಚೆನ್ನಾಗಿ ಕಾಣುತ್ತಿತ್ತು. ಆದರೂ ಅವನು ದೋಣಿ ಹತ್ತಿದ. ಖಾಲಿ ಬಲೆ ಬಿಚ್ಚಿ ಮಡಿಸುತ್ತಿದ್ದ ಅಕ್ಕ ತಲೆಯೆತ್ತಿದಳು.

"ಈಗ ಯಾರಿಗೋಸ್ಕರ ಸವರ್ತೀಯೋ?"

ಅವನು ಅಂಗೈ ನೀರಿಗಿಳಿಸಿ ಹುಟ್ಟು ಹಾಕಿದ. ಗುಳ್ಳೆಗಳು ಅಂಗೈಗೆ ಒಂದೊಂದಾಗಿ ತಾಗಿ ಒಡೆಯುತ್ತಿದ್ದವು. ಅಕ್ಕನ ಕಡೆಯ ತುದಿ ಬಂದಾಗ ಹುಟ್ಟು ಹಾಕುವುದನ್ನು ನಿಲ್ಲಿಸಿ, ಕೈಯನ್ನು ಮೊಣಕೈವರೆಗೂ ಇಳಿಸಿದ. ಅಲ್ಲೂ ಗುಳ್ಳೆಗಳಿದ್ದವು, ದಟ್ಟವಾಗಿ.

"ತಪ್ಪಾಯ್ತು ಅಕ್ಕಾ," ಎಂದ.

ಅಕ್ಕ ಬಲೆ ಮಡಿಸುತ್ತಲೇ ಇದ್ದಳು. ಕೇಳಿಸಿತೋ ಇಲ್ಲವೋ, ಅವನು ಮತ್ತೆ ಹೇಳಲಿಲ್ಲ.