ಪೂಜೆಯಾದ ಹಲಗೆ

ಸದಲಗಾದ ಸಮುದಾಯ ಭವನಕ್ಕೆ ಅಗ್ಗದ ಯಂತ್ರವೊಂದು ಬಂದಿತ್ತು. ನೋಡಲು ಚಪ್ಪಟೆ ಹಲಗೆ. ಅದರ ಮೇಲೆ ಬರಿಗಾಲಲ್ಲಿ ನಿಂತರೆ ಅಂಗಾಲಿನ ಯಾವ ಜಾಗಕ್ಕೆ ಭಾರ ಹೆಚ್ಚು ಬೀಳುತ್ತದೆಂದು ಪರದೆಯಲ್ಲಿ ಕೆಂಪಗೆ ತೋರಿಸುತ್ತದೆ. ಸಕ್ಕರೆ ಕಾಯಿಲೆಯವರಿಗೆ ಹುಣ್ಣಾಗುವುದು ಅಲ್ಲೇ. ನಮ್ಮತ್ತೆ ದ್ರೌಪದಿಯವರ ಅಂಗಾಲು ಸತ್ತಂತಾಗಿದೆ, ಚುಚ್ಚಿದರೂ ಗೊತ್ತಾಗುವುದಿಲ್ಲ. ಹೋದ ವರ್ಷ ಒಂದು ಬೆರಳು ತೆಗೆದರು. ಇನ್ನೊಂದು ಹುಣ್ಣಾದರೆ ಪಾದವೇ ಹೋಗುತ್ತದೆಂದು ಡಾಕ್ಟರು ಹೇಳಿದ್ದರು. ಅದಕ್ಕೇ ಕರೆದುಕೊಂಡು ಹೋದೆ.

ಹೋದರೆ ಅಲ್ಲಿ ಉದ್ಘಾಟನೆಯ ಸಡಗರ! ಅಣ್ಣಾಸಾಬರು ನಮ್ಮೂರ ಪುಢಾರಿ, ಪೊರಕೆ ಕೊಂಡರೂ ಫೋಟೋ ತೆಗೆಸುವ ಆಸಾಮಿ. ಕಾಲಿಡುವ ಹಲಗೆಗೆ ಅರಿಶಿನ ಕುಂಕುಮ ಬಳಿದು, ಹಾರ ಹಾಕಿ, ಹೊಸ್ತಿಲಲ್ಲಿ ತೆಂಗಿನಕಾಯಿ ಒಡೆದಿದ್ದರು.

“ಪೂಜಿ ಆಗೇತ್ರಿ, ಚಪ್ಪಲಿ ಹೊರಗ ಬಿಡ್ರಿ,” ಎಂದು ಅಣ್ಣಾಸಾಬರೇ ಬಾಗಿಲಲ್ಲಿ ತಡೆದರು.

“ಸಕ್ಕರಿ ಇದ್ದವ್ರು ಬರಿಗಾಲಿಲೆ ಅಡ್ಡಾಡಬಾರದ್ರಿ,” ಎಂದೆ.

“ನಾಕ ಹೆಜ್ಜಿಗೆ ಏನಾಕ್ಕೈತಿ ಬೇ?”

ಅತ್ತೆ ಆಗಲೇ ಚಪ್ಪಲಿ ಬಿಟ್ಟಾಗಿತ್ತು. ದೇವರ ವಿಷಯದಲ್ಲಿ ಸೊಸೆಯ ಮಾತು ಯಾರಿಗೆ ಬೇಕು?

ಒಳಗೆ ಇನ್ನೊಂದು ಚಂದ. ಸಾಲಿನಲ್ಲಿ ಬಂದವರೆಲ್ಲ ಹಲಗೆ ಮುಟ್ಟಿ, ಕೈ ಕಣ್ಣಿಗೊತ್ತಿಕೊಂಡು ಮುಂದೆ ಹೋಗುತ್ತಿದ್ದರು. ಪೂಜೆಯಾದದ್ದರ ಮೇಲೆ ಕಾಲಿಡುವ ಧೈರ್ಯ ಒಬ್ಬರಿಗೂ ಇಲ್ಲ. ಯಂತ್ರ ತಂದಿದ್ದ ನಿಪ್ಪಾಣಿಯ ಎಂಜಿನಿಯರ್ ವಿಶ್ವಾಸ, “ನಿಂದರ್ರಿ, ಕಾಲಿಡ್ರಿ” ಎಂದು ಬೇಡಿಕೊಳ್ಳುತ್ತಿದ್ದ. ಅಣ್ಣಾಸಾಬರು ಕುರ್ಚಿಯಲ್ಲಿ ಕೂತು ಜನರ ಭಕ್ತಿಗೆ ತಲೆದೂಗುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಹಾರ ಕಿತ್ತು ಹಾಕಿ, ಸೆರಗಿನಿಂದ ಕುಂಕುಮ ಒರೆಸಿ, ಹಲಗೆಯ ಮೇಲೆ ನಾನೇ ಹತ್ತಿ ನಿಂತೆ.

“ಪಾಪ ಹತ್ತತೈತಿ, ಇಳಿ!” ಅತ್ತೆ ಕೂಗಿದರು.

“ಹತ್ತಲಿ. ಪಾಪ ನನಗಿರ್ಲಿ, ಕಾಲು ನಿಮಗಿರ್ಲಿ. ಬರ್ರಿ ಅತ್ತಿ.”

ಬೈಯುತ್ತಲೇ ಹತ್ತಿದರು. ಪರದೆಯಲ್ಲಿ ಹಿಮ್ಮಡಿಯ ನಡುವೆ ಒಂದು ಚುಕ್ಕೆ ಕಡುಗೆಂಪಾಯಿತು.

“ಇಲ್ಲಿ ನೋಯತೈತೇನ್ರಿ, ಆಯಿ?” ವಿಶ್ವಾಸ ಕೇಳಿದ.

“ಏನೂ ಇಲ್ಲೋ ತಮ್ಮಾ.”

ಅವನು ಕಾಲೆತ್ತಿಸಿ ನೋಡಿದ. ಹಿಮ್ಮಡಿಯಲ್ಲಿ ತೆಂಗಿನ ಕರಟದ ಚೂರೊಂದು ನೆಟ್ಟುಕೊಂಡು ರಕ್ತ ಜಿನುಗುತ್ತಿತ್ತು. “ಏನ್ ನೋಡಾಕತ್ತೀರಿ?” ಎಂದು ಅತ್ತೆ ನಗುತ್ತಲೇ ಇದ್ದರು. ಆ ನಗು ನೋಡಿ ನನಗೆ ಹೆದರಿಕೆಯಾಯಿತು.

ವಿಶ್ವಾಸ ಚೂರು ಕಿತ್ತು, ಗಾಯ ತೊಳೆದು ಪಟ್ಟಿ ಕಟ್ಟಿದ. “ಈಗಿಂದೀಗ ದವಾಖಾನಿಗೆ ಕರ್ಕೊಂಡ ಹೋಗ್ರಿ,” ಎಂದ. ಹೊರಡುವ ಮೊದಲು ನಾನು ಅಣ್ಣಾಸಾಬರ ಮುಂದೆ ಹೋಗಿ, ಆ ಚೂರನ್ನು ಅವರ ಅಂಗೈಯಲ್ಲಿಟ್ಟೆ.

“ನಿಮ್ಮ ಪೂಜಿ ಪ್ರಸಾದರಿ. ಕಣ್ಣಿಗೆ ಒತ್ತಿಗೋರಿ.”